ಬದಲಿ ಹಾಳೆ

ಜನವರಿ 11

ಮುದ್ರಣಾಲಯದ ಮಾಲೀಕರಿಗೆ,

ಈ ಪತ್ರ ಆಸ್ಪತ್ರೆಯ ಕೆಲಸಕ್ಕೆ ಸಂಬಂಧಿಸಿದ್ದು. ಫೋನಿನಲ್ಲೇ ಮುಗಿಸಬಹುದಿತ್ತು. ಆದರೆ ಮೆಷಿನ್ನಿನ ಸದ್ದು ಕೇಳಿ ಕೇಳಿ ನಿಮ್ಮ ಕಿವಿ ಪೂರ್ತಿ ಮಂದವಾಗಿದೆ, ಫೋನು ಮಾಡಿ ಪ್ರಯೋಜನವಿಲ್ಲ ಎಂದು ಚಿಕ್ಕಮ್ಮ ಹೇಳಿದಳು. ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮ ಹೆರಿಗೆ ಆಸ್ಪತ್ರೆಯಲ್ಲಿ ಹೊಸ ತಾಯಂದಿರಿಗೆ ಕೊಡಲು ಮೂವತ್ತೆರಡು ಪುಟದ ಒಂದು ಪುಸ್ತಿಕೆ ಆಗಬೇಕು. ನಾನೂರು ಪ್ರತಿ. ಉಳಿದದ್ದೆಲ್ಲ ಕಪ್ಪು-ಬಿಳುಪು ಸಾಕು, ಆರನೇ ಪುಟ ಮಾತ್ರ ಬಣ್ಣದಲ್ಲಿ ಇರಲೇಬೇಕು. ಈ ಊರಿನ ಪ್ರೆಸ್ಸಿನವರನ್ನು ಕೇಳಿದೆವು. "ಮಾಡಿದ್ರೆ ಪೂರ್ತಿ ಬಣ್ಣ, ಇಲ್ಲಾಂದ್ರೆ ಪೂರ್ತಿ ಕಪ್ಪು. ಒಂದು ಪುಟಕ್ಕೋಸ್ಕರ ಯಾರ್ರೀ ತಲೆ ಕೆಡಿಸ್ಕೋತಾರೆ?" ಅಂದರು. ನಮ್ಮ ಹಿರಿಯ ವೈದ್ಯೆ ಆ ಪುಟವನ್ನೇ ಕೈಬಿಡುವ ಯೋಚನೆಯಲ್ಲಿದ್ದರು. ಎರಡನ್ನೂ ಬೆರೆಸಿ ಮಾಡುವ ಒಂದು ಜಾಗ ನನಗೆ ಗೊತ್ತು ಎಂದು ನಾನು ಬಾಯಿ ಜಾರಿ ಹೇಳಿಬಿಟ್ಟೆ.

ಇದನ್ನು ರಾಜಿ ಎಂದು ತಿಳಿಯಬೇಡಿ. ಪುಸ್ತಿಕೆಯ ನಕಲು ಪ್ರತಿ ಜೊತೆಗೆ ಇಟ್ಟಿದ್ದೇನೆ. ಆಗುತ್ತದೋ ಇಲ್ಲವೋ, ಅಷ್ಟು ಬರೆದರೆ ಸಾಕು.

ಇತಿ,
ಹೆರಿಗೆ ವಾರ್ಡಿನ ನರ್ಸ್


ಜನವರಿ 17

ಚುಕ್ಕಿ,

ಏಳು ವರ್ಷದ ಮೇಲೆ ನಿನ್ನ ಅಕ್ಷರ ನೋಡಿದೆ. ಲಕೋಟೆಯ ಮೇಲೆ "ಮಾಲೀಕರಿಗೆ" ಅಂತ ಇದ್ದದ್ದು ನೋಡಿ ನಿನ್ನ ಚಿಕ್ಕಮ್ಮ, "ಭಾವ, ಕೋರ್ಟಿಂದ ಏನೋ ಬಂದಂಗಿದೆ" ಎಂದು ಗಾಬರಿಯಲ್ಲಿ ಕೂಗುತ್ತ ತಂದುಕೊಟ್ಟಳು. ಅವಳು ಈಗಲೂ ಇಲ್ಲೇ, ಪುಟ ಜೋಡಿಸಿ ಪಿನ್ ಹೊಡೆಯುವ ಮೇಜಿನ ಹಿಂದೆ. ಕನ್ನಡಕ ಮಾತ್ರ ದಪ್ಪವಾಗಿದೆ.

ಆಗುತ್ತದೆ. ಆದರೆ ಪ್ರೆಸ್ಸಿನಲ್ಲಿ ಹುಟ್ಟಿ ಬೆಳೆದವಳು ಒಂದು ವಿಷಯ ಮರೆತಿದ್ದೀಯ. ಪುಸ್ತಿಕೆಯಲ್ಲಿ ಒಂದೇ ಪುಟಕ್ಕೆ ಬಣ್ಣ ಎನ್ನುವುದು ಇಲ್ಲ. ಎಂಟು ಹಾಳೆಗಳನ್ನು ಒಂದರೊಳಗೊಂದು ಇಟ್ಟು, ನಡುವೆ ಮಡಿಸಿ, ಬೆನ್ನಿಗೆ ಎರಡು ಪಿನ್ ಹೊಡೆದರೆ ಮೂವತ್ತೆರಡು ಪುಟ. ಒಂದೊಂದು ಹಾಳೆಯಲ್ಲಿ ನಾಲ್ಕು ಪುಟ. ಹೊರಗಿನಿಂದ ಮೂರನೆಯ ಹಾಳೆಯ ಎಡಗಡೆ ಐದು, ಆರು ಇದ್ದರೆ, ಬಲಗಡೆ ಇಪ್ಪತ್ತೇಳು, ಇಪ್ಪತ್ತೆಂಟು. ಆರನ್ನು ಬಣ್ಣದ ಮೆಷಿನ್ನಿಗೆ ಕಳಿಸಿದರೆ ಇಪ್ಪತ್ತೇಳೂ ಜೊತೆಗೇ ಹೋಗುತ್ತದೆ. ಹೇಗೂ ಹೋಗುತ್ತದಲ್ಲ, ಅಲ್ಲೂ ಏನಾದರೂ ಬಣ್ಣದಲ್ಲಿ ಹಾಕಿಕೋ. ಒಂದು ಕೆಂಪು ಪಟ್ಟಿ ಎಳೆದು ಆಸ್ಪತ್ರೆಯ ಫೋನ್ ನಂಬರ್ ಕೊಡು, ಚೆನ್ನಾಗಿ ಕಾಣುತ್ತದೆ.

ಬಣ್ಣದ ಮೆಷಿನ್ ನಮ್ಮಲ್ಲಿ ಈಗಲೂ ಇಲ್ಲ. ಎರಡು ಬೀದಿ ಆಚೆ ಬಣ್ಣದವನ ಹತ್ತಿರ ಮಾಡಿಸುತ್ತೇನೆ. ಅವನು ಕೊಡುವುದು ಅವನಿಗೆ ಮನಸ್ಸು ಬಂದಾಗ. ಅಲ್ಲಿಯವರೆಗೆ ಕೈಕಟ್ಟಿ ಕೂರುವ ಬದಲು ನಿಮ್ಮಮ್ಮ ಕಂಡುಹಿಡಿದ ದಾರಿಯೇ ನಮ್ಮದು. ಅದೇ ಮೂರನೇ ಹಾಳೆಯನ್ನು ಕಪ್ಪಿನಲ್ಲಿ ಹೊಡೆದು, ಬದಲಿ ಹಾಳೆಯಾಗಿ ಅದರ ಜಾಗದಲ್ಲಿ ಕೂರಿಸಿ, ಎಲ್ಲ ಪುಸ್ತಿಕೆಯನ್ನೂ ಜೋಡಿಸಿಟ್ಟುಕೊಳ್ಳುವುದು. ಬಣ್ಣದ್ದು ಬಂದ ದಿನ ಬದಲಿಯನ್ನು ಎಳೆದು ಅಸಲಿಯನ್ನು ಸೇರಿಸಿ ಪಿನ್ ಹೊಡೆಯುವುದು.

ನಕಲು ನೋಡಿದೆ. ಆರು ಚೌಕ, ಆರೂ ಮಗುವಿನ ಕಕ್ಕದ ಬಣ್ಣ! ನಲವತ್ತು ವರ್ಷದಲ್ಲಿ ರಾಜಕಾರಣಿಗಳ ಮುಖದಿಂದ ಹಿಡಿದು ಹಲ್ಲುಪುಡಿಯ ಚೀಟಿಯವರೆಗೆ ಎಲ್ಲ ಹೊಡೆದಿದ್ದೇನೆ, ಇದೊಂದು ಬಾಕಿ ಇತ್ತು. ಯಾಕಮ್ಮ ಇದು?

ನಿನ್ನ
ಅಪ್ಪ


ಜನವರಿ 24

ಅಪ್ಪನವರಿಗೆ,

ನಗುವ ವಿಷಯವಲ್ಲ ಅದು. ಎಷ್ಟೋ ಸಾವಿರ ಮಕ್ಕಳಲ್ಲಿ ಒಂದಕ್ಕೆ ಪಿತ್ತ ಹರಿಯುವ ನಾಳ ಮುಚ್ಚಿಹೋಗಿರುತ್ತದೆ. ಮಗು ಹಾಲು ಕುಡಿಯುತ್ತದೆ, ನಗುತ್ತದೆ, ಮೈ ಕೈ ತುಂಬಿಕೊಂಡೇ ಇರುತ್ತದೆ. ಕಣ್ಣು ಸ್ವಲ್ಪ ಹಳದಿ ಎಂದರೆ ಎಲ್ಲರೂ "ಹೋಗತ್ತೆ ಬಿಡಿ" ಅನ್ನುತ್ತಾರೆ. ಗುಟ್ಟು ಬಿಟ್ಟುಕೊಡುವುದು ಕಕ್ಕದ ಬಣ್ಣ ಒಂದೇ. ಅದು ಹಳದಿ, ಹಸಿರು, ಕಂದು ಇರಬೇಕು. ಸುಣ್ಣದ ಹಾಗೆ ಬಿಳಿಚಿಕೊಂಡಿದ್ದರೆ ತಕ್ಷಣ ಬರಬೇಕು. ಎರಡು ತಿಂಗಳೊಳಗೆ ಶಸ್ತ್ರಚಿಕಿತ್ಸೆ ಆದರೆ ಮಗು ಉಳಿಯುವ ಭರವಸೆ ಇರುತ್ತದೆ. ಹೋದ ವರ್ಷ ಒಂದು ಮಗುವನ್ನು ನಾಲ್ಕು ತಿಂಗಳಿಗೆ ಕರೆತಂದರು. ಆ ತಾಯಿ ನನ್ನನ್ನು ಕೇಳಿದ್ದು ಇಷ್ಟೇ: "ನಂಗೆ ಯಾರೂ ಹೇಳ್ಲೇ ಇಲ್ವಲ್ಲ ಸಿಸ್ಟರ್?" ಆ ಪುಟ ಹುಟ್ಟಿದ್ದು ಆ ದಿನ.

ಮೊದಲ ಮೂರು ಚೌಕ ಅಪಾಯದವು, ಉಳಿದ ಮೂರು ಸರಿಯಾದವು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ವ್ಯತ್ಯಾಸ ಬಣ್ಣದಲ್ಲಿ ಮಾತ್ರ ಇದೆ. ಹಾಗಾಗಿ ಬಣ್ಣದ ಮಾದರಿ ಹಾಳೆಯನ್ನು ನನಗೆ ಕಳಿಸದೆ ಮುಂದುವರಿಯಬೇಡಿ. ಇಪ್ಪತ್ತೇಳಕ್ಕೆ ಕೆಂಪು ಪಟ್ಟಿ ಇರಲಿ, ವೈದ್ಯೆ ಒಪ್ಪಿದ್ದಾರೆ.

ತಪ್ಪಿ ಒಳಗೇ ಉಳಿಯದಂತೆ ಬದಲಿ ಹಾಳೆಗಳ ಮೇಲೆ ಅಡ್ಡಗೆರೆ ಎಳೆಯುವುದನ್ನು ಬಿಡಬೇಡಿ.

ಚುಕ್ಕಿ ಎಂದು ಬರೆಯಬೇಡಿ. ನನಗೆ ಇಪ್ಪತ್ತೆಂಟಾಯಿತು.

ಇತಿ,
ನರ್ಸ್


ಫೆಬ್ರವರಿ 20

ಚುಕ್ಕಿ (ಕೈಗೆ ಅಭ್ಯಾಸ, ಬೈದುಕೋ),

ನಾನೂರು ಪ್ರತಿ, ನಲವತ್ತರ ಹತ್ತು ಕಟ್ಟು, ಇವತ್ತಿನ ಬಸ್ಸಿಗೆ ಹಾಕಿದ್ದೇನೆ. ನೀನು ಒಪ್ಪಿದ ಮಾದರಿಯನ್ನು ಬಣ್ಣದವನ ಮೂಗಿನ ಕೆಳಗೇ ಹಿಡಿದು, ಒಂದು ಕೂದಲೆಳೆ ಆಚೀಚೆ ಆಗದಂತೆ ಹೊಡೆಸಿದ್ದೇನೆ. "ಈ ಬಣ್ಣಕ್ಕೆ ಇಷ್ಟು ಮುತುವರ್ಜಿ ನಾನು ಎಲ್ಲೂ ಕಂಡಿಲ್ಲಪ್ಪ" ಎಂದು ಅವನು ನನ್ನ ಕಿವಿಗೇ ಕೂಗಿ ನಕ್ಕ.

ನಿನ್ನ ಚಿಕ್ಕಮ್ಮನಿಗೆ ಜ್ವರ. ಒಂಬತ್ತು ಕಟ್ಟು ಮುಗಿಸಿ ಮಲಗಿದ್ದಾಳೆ. ಬಸ್ಸು ತಪ್ಪುತ್ತದೆಂದು ಕೊನೆಯ ಕಟ್ಟಿಗೆ ನಾನೇ ಕೂತು ಪಿನ್ ಹೊಡೆದೆ. ಈ ವಯಸ್ಸಿನಲ್ಲೂ ನಲವತ್ತು ಪುಸ್ತಿಕೆ ಅರ್ಧ ಗಂಟೆಯಲ್ಲಿ! ಕೈ ಇನ್ನೂ ಓಡುತ್ತದೆ.

ನಿನ್ನ
ಅಪ್ಪ


ಮಾರ್ಚ್ 2

ಅಪ್ಪನವರಿಗೆ,

ಪುಸ್ತಿಕೆಗಳು ಬಂದವು. ಹೋದ ವಾರದಿಂದ ಕೊಡುತ್ತಿದ್ದೇವೆ. ಹತ್ತು ಪ್ರತಿ ಬಿಚ್ಚಿ ನೋಡಿದೆ, ಬಣ್ಣ ಅಚ್ಚುಕಟ್ಟಾಗಿ ಬಂದಿದೆ. ಹಿರಿಯ ವೈದ್ಯೆ ಆರನೇ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು, "ಯಾರಮ್ಮ ಇದನ್ನ ಮಾಡಿದ್ದು?" ಎಂದು ಕೇಳಿದರು. ನಮ್ಮ ತಂದೆ ಎಂದೆ.

ಅಮ್ಮ ಇದ್ದಿದ್ದರೆ ಸಂತೋಷಪಡುತ್ತಿದ್ದಳು.

ಇತಿ,
ಮಗಳು


ಏಪ್ರಿಲ್ 6

ಅಪ್ಪ,

ಇದನ್ನು ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಉತ್ತರವೂ ಅವನ ಕೈಯಲ್ಲೇ ಬರಬೇಕು.

ಇವತ್ತು ಬೆಳಿಗ್ಗೆ ಲಸಿಕೆಗೆ ಬಂದ ಒಬ್ಬಳು ತೂಕ ಬರೆಸಲು ಪುಸ್ತಿಕೆ ಮುಂದಿಟ್ಟಳು. ಇಪ್ಪತ್ತೇಳನೇ ಪುಟದ ಪಟ್ಟಿ ಬೂದು ಬಣ್ಣದಲ್ಲಿತ್ತು. ಆರನೇ ಪುಟ ತಿರುಗಿಸಿದೆ. ಆರು ಚೌಕ, ಆರೂ ಬೂದು. "ಎಲ್ಲಾರ್ದೂ ಹಿಂಗೇ ಅಲ್ವಾ ಸಿಸ್ಟರ್?" ಅಂದಳು. ಅವಳ ಮಗು ಚೆನ್ನಾಗಿದೆ, ದೇವರು ದೊಡ್ಡವನು. ಆದರೆ ಕಪ್ಪು-ಬಿಳುಪಿನಲ್ಲಿ ಹಳದಿಯೂ ತಿಳಿ ಬೂದು, ಸುಣ್ಣದ ಬಣ್ಣವೂ ತಿಳಿ ಬೂದು. ಮೂರನೆಯ ಚೌಕವನ್ನೂ ನಾಲ್ಕನೆಯದನ್ನೂ ನಾನೇ ಬೇರೆ ಮಾಡಲಾರೆ. ಬಿಳಿಚಿಕೊಂಡ ಕಕ್ಕ ನೋಡಿ ತಾಯಿ ಆ ಪುಟ ತೆಗೆದರೆ, ಪುಟವೇ ಅವಳಿಗೆ "ಏನೂ ಆಗಿಲ್ಲ" ಎಂದು ಹೇಳುತ್ತದೆ. ಪುಸ್ತಿಕೆಯೇ ಇಲ್ಲದಿದ್ದರೆ ಅವಳು ಹೆದರಿಯಾದರೂ ಬರುತ್ತಿದ್ದಳು.

ಕಪಾಟಿನಲ್ಲಿ ಉಳಿದ ನೂರ ಎಪ್ಪತ್ತನ್ನೂ ಬಿಚ್ಚಿದೆ. ಹನ್ನೊಂದರಲ್ಲಿ ಬದಲಿ ಹಾಳೆ ಇದೆ. ಒಂದರ ಮೇಲೂ ಅಡ್ಡಗೆರೆ ಇಲ್ಲ. ಮೂರು ವಾರ್ಡಿಗೆ ಹಂಚುವಾಗ ಕಟ್ಟುಗಳನ್ನು ಬಿಚ್ಚಿ ಕಲಸಿಬಿಟ್ಟಿದ್ದಾರೆ. ಹೊರಗೆ ಹೋದ ಇನ್ನೂರ ಮೂವತ್ತರಲ್ಲಿ ಯಾರ ಕೈಗೆ ಯಾವುದು ಹೋಗಿದೆಯೋ ಗೊತ್ತಿಲ್ಲ. ಮೊದಲು ಪಡೆದವರ ಮಕ್ಕಳಿಗೆ ಇವತ್ತಿಗೆ ನಲವತ್ತು ದಿನ ದಾಟಿದೆ.

ಒಟ್ಟು ಎಷ್ಟು ತಪ್ಪಿವೆ? ಸುತ್ತಿ ಬಳಸಿ ಬರೆಯಬೇಡಿ, ಒಂದು ಸಂಖ್ಯೆ ಸಾಕು.

ಮಗಳು


ಏಪ್ರಿಲ್ 8

ಚುಕ್ಕಿ,

ನಲವತ್ತು.

ಚಿಕ್ಕಮ್ಮನಿಗೆ ಆಗ ಜ್ವರವಿತ್ತಲ್ಲ, ಕಣ್ಣೂ ಮೊದಲಿನ ಹಾಗಿಲ್ಲ, ಅವಳ ಕೈತಪ್ಪಿನಿಂದ ಒಂದು ಕಟ್ಟು ಹಾಗೇ ಹೋಗಿರಬೇಕು. ಅವಳನ್ನು ಏನೂ ಅನ್ನಬೇಡ, ವಯಸ್ಸಾದವಳು. ನಲವತ್ತು ಬಣ್ಣದ ಹಾಳೆಗಳನ್ನು ಈ ಕಟ್ಟಿನಲ್ಲಿ ಇಟ್ಟಿದ್ದೇನೆ. ಸಿಕ್ಕ ಪುಸ್ತಿಕೆಯ ಪಿನ್ ಬಿಡಿಸಿ ಇದನ್ನು ಸೇರಿಸು. ಪಿನ್ ಬಿಡಿಸುವುದು ನಿನಗೆ ಗೊತ್ತಿರುವುದೇ.

ಎಲ್ಲಾ ಸರಿಹೋಗುತ್ತದೆ. ಸಾವಿರಕ್ಕೆ ಒಂದೂ ಬರದ ಕಾಯಿಲೆ ಎಂದು ನೀನೇ ಬರೆದಿದ್ದೀಯಲ್ಲ.

ಅಪ್ಪ


ಏಪ್ರಿಲ್ 11

ಅಪ್ಪ,

ನಿನ್ನ ಫೆಬ್ರವರಿ ಇಪ್ಪತ್ತರ ಪತ್ರ ನನ್ನ ಮುಂದಿದೆ. "ಕೊನೆಯ ಕಟ್ಟಿಗೆ ನಾನೇ ಕೂತು ಪಿನ್ ಹೊಡೆದೆ. ನಲವತ್ತು ಪುಸ್ತಿಕೆ ಅರ್ಧ ಗಂಟೆಯಲ್ಲಿ!" ಇದು ನಿನ್ನ ಅಕ್ಷರ, ಚಿಕ್ಕಮ್ಮನದಲ್ಲ.

ಇನ್ನೊಂದು. ನಲವತ್ತು ಬಣ್ಣದ ಹಾಳೆಗಳನ್ನು ನೀನು ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ ದಾರ ಕಟ್ಟಿದ್ದೆ. ಮಡಿಕೆಗಳು ಗಟ್ಟಿಯಾಗಿದ್ದವು, ಹೊರಗಡೆ ಧೂಳು ಕೂತಿತ್ತು. ಪತ್ರಿಕೆಯ ತಾರೀಖು ಫೆಬ್ರವರಿ 22. ಹಾಳೆ ಮಿಕ್ಕಿದೆ ಎಂದು ನಿನಗೆ ಅವತ್ತೇ ಗೊತ್ತಾಗಿದೆ. ಬಣ್ಣದ ನಲವತ್ತು ಇಲ್ಲಿ ಮಿಕ್ಕಿದರೆ ಕಪ್ಪಿನ ನಲವತ್ತು ಎಲ್ಲಿಗೆ ಹೋಗಿವೆ ಎಂದು ನಿನಗೆ ಯಾರಾದರೂ ಹೇಳಿಕೊಡಬೇಕಾ? ಸುತ್ತಿ, ದಾರ ಕಟ್ಟಿ, ಕಪಾಟಿನಲ್ಲಿ ಇಟ್ಟು, ಬಾಯಿ ಮುಚ್ಚಿಕೊಂಡು ಕೂತೆ. ನಾನಿಲ್ಲಿ ಪುಸ್ತಿಕೆ ಹಂಚಲು ಶುರುಮಾಡಿದ್ದು ಇಪ್ಪತ್ತೈದಕ್ಕೆ. ಒಂದು ಸಾಲು ಬರೆದಿದ್ದರೆ ಒಂದು ಪುಸ್ತಿಕೆಯೂ ಯಾರ ಮನೆಗೂ ಹೋಗುತ್ತಿರಲಿಲ್ಲ.

ಅವತ್ತು ಆ ಚಿತ್ರಕಾರರು ತಮ್ಮ ಪ್ರದರ್ಶನದ ಪುಸ್ತಿಕೆ ಹಿಡಿದು ಬಂದು, ಬಣ್ಣದ ಚಿತ್ರ ಕಪ್ಪಾಗಿದೆ ಎಂದು ಕೂಗಾಡಿದಾಗಲೂ ಹೀಗೇ ಮಾಡಿದೆ. "ಮಗಳು ಜೋಡಿಸಿದ್ದು ಸಾರ್, ಹೊಸಬಳು, ಏನೋ ಆಗೋಗಿದೆ" ಅಂದೆ. ನಾನು ಪಕ್ಕದಲ್ಲೇ ನಿಂತಿದ್ದೆ. ಮಾರನೇ ದಿನ ಮನೆ ಬಿಟ್ಟೆ. ಆಗ ಹಾಳಾದದ್ದು ಒಂದು ಚಿತ್ರ. ಈಗ?

ಮೂರು ದಿನದಿಂದ ನಾನೂ ಇನ್ನಿಬ್ಬರೂ ಸೇರಿ ಇನ್ನೂರ ಮೂವತ್ತು ಮನೆಗಳಿಗೆ ಫೋನು ಮಾಡುತ್ತಿದ್ದೇವೆ. ಕಕ್ಕದ ವಿಷಯ ತೆಗೆದರೆ ಗಾಬರಿಯಾಗುತ್ತಾರೆ. "ಇಪ್ಪತ್ತೇಳನೇ ಪುಟದಲ್ಲಿ ಪಟ್ಟಿ ಕೆಂಪಗಿದೆಯಾ ನೋಡಿ ಹೇಳಿ" ಎಂದಷ್ಟೇ ಕೇಳುತ್ತೇವೆ. ಕೆಂಪು ಅಂದರೆ ಜೀವ ಬರುತ್ತದೆ, ಬೂದು ಅಂದರೆ ಆ ಮನೆಗೆ ಓಡುತ್ತೇವೆ. ಈವರೆಗೆ ಸಿಕ್ಕ ಬೂದು ಹದಿನಾರು. ಇನ್ನೂ ಹದಿಮೂರು ಹೊರಗಿವೆ.

ನನಗೆ ನಿನ್ನ ಮೇಲೆ ಎಷ್ಟು ಸಿಟ್ಟಿದೆ ಎಂದು ಬರೆಯಲು ಈಗ ಪುರುಸೊತ್ತಿಲ್ಲ.


ಏಪ್ರಿಲ್ 14

ಚುಕ್ಕಿ,

ಪತ್ರದ ಕೊನೆಯಲ್ಲಿ ನೀನು ಏನೂ ಬರೆದಿಲ್ಲ. ಮೊದಲಿಂದ ಕೊನೆಯವರೆಗೆ ನನ್ನನ್ನು "ನೀನು" ಅಂದಿದ್ದೀಯ. ಇಷ್ಟು ದಿನ "ನೀವು" ಎಂದು ಓದುವಾಗ ಯಾರದೋ ಪತ್ರ ಓದಿದ ಹಾಗಿತ್ತು. ಬೈಗುಳವಾದರೂ ಮನೆಯದು ಬಂತು.

ನೀನು ಬರೆದದ್ದೆಲ್ಲ ನಿಜ. ಇಪ್ಪತ್ತೆರಡನೇ ತಾರೀಖು ಕಪಾಟು ಒರೆಸುವಾಗ ಆ ಹಾಳೆಗಳು ಸಿಕ್ಕವು. ಒಂದು ಸಲ ಎಣಿಸಿದೆ, ನಂಬಿಕೆ ಬರಲಿಲ್ಲ, ಮತ್ತೆ ಎಣಿಸಿದೆ. ನಿನಗೆ ಬರೆಯಲು ಕಾಗದ ತೆಗೆದೆ. ಏಳು ವರ್ಷಕ್ಕೆ ಒಂದು ಕೆಲಸ ಕೊಟ್ಟಿದ್ದಾಳೆ, ಅದನ್ನೂ ಕೆಡಿಸಿದೆ ಎಂದು ಹೇಗೆ ಬರೆಯಲಿ? ನಾಳೆ ಬರೆಯೋಣ ಅಂದುಕೊಂಡೆ. ನಾಳೆ ಹೋಗಿ ನಾಡಿದ್ದಾಯಿತು. ಅಷ್ಟರಲ್ಲಿ "ನಮ್ಮ ತಂದೆ ಎಂದೆ" ಅಂತ ನಿನ್ನ ಪತ್ರ ಬಂತು. ಅದನ್ನು ಜೇಬಿನಲ್ಲಿ ಇಟ್ಟುಕೊಂಡು ಬೀದಿಯೆಲ್ಲ ತಿರುಗಿದೆ. ಆಮೇಲೆ ಬರೆಯುವ ಧೈರ್ಯ ಪೂರ್ತಿ ಹೋಯಿತು. ಏನೂ ಆಗುವುದಿಲ್ಲ, ಅಪರೂಪದ ಕಾಯಿಲೆ ಎಂದು ನನಗೆ ನಾನೇ ಹೇಳಿಕೊಂಡೆ. ನಲವತ್ತು ಮನೆಯ ಮಕ್ಕಳನ್ನು ಪಣಕ್ಕಿಟ್ಟು ನಿನ್ನ ಒಂದು ಪತ್ರ ಉಳಿಸಿಕೊಂಡೆ. ಹೇಡಿ ಕೆಲಸ ಮಾಡಿದ್ದೇನೆ.

ಅಡ್ಡಗೆರೆಯ ವಿಷಯ. ಬದಲಿ ಹಾಳೆಗಳ ಮೇಲೆ ಕೆಂಪು ಪೆನ್ಸಿಲ್ಲಿನಲ್ಲಿ ಈ ಮೂಲೆಯಿಂದ ಆ ಮೂಲೆಗೆ ಗೆರೆ ಎಳೆಯುವ ಕೆಲಸ ಐದನೇ ವಯಸ್ಸಿನಿಂದ ನಿನ್ನದು. ಸ್ಟೂಲಿನ ಮೇಲೆ ನಿಂತು, ನಾಲಿಗೆ ಕಚ್ಚಿಕೊಂಡು ಎಳೆಯುತ್ತಿದ್ದೆ. ನೀನು ಹೋದ ಮೇಲೆ ಅಮ್ಮ ಎಳೆಯುತ್ತಿದ್ದಳು. ಅವಳು ಹೋದ ಮೇಲೆ ಯಾರೂ ಇಲ್ಲ. ನೆನಪಿಸಿ ನೀನು ಬರೆದಿದ್ದೆ, ನಾನು ಓದಿದ್ದೆ. ನನಗೆ ಗೆರೆ ಬೇರೆ ಬೇಕಾ, ನಲವತ್ತು ವರ್ಷದ ಕಣ್ಣಿದು ಅಂದುಕೊಂಡೆ.

ಆ ಚಿತ್ರಕಾರರ ಪುಸ್ತಿಕೆಯಲ್ಲೂ ಹಾಳೆ ಬದಲಿಸಲು ಮರೆತವನು ನಾನೇ. ನೀನು ಗೆರೆ ಎಳೆದು ಕೊಟ್ಟಿದ್ದೆ, ಹೆಚ್ಚುವರಿ ಬೇಕೆಂದು ಹತ್ತು ಹಾಳೆ ಆಮೇಲೆ ಹೊಡೆದವನು ನಾನು. ಅವು ಗೆರೆಯಿಲ್ಲದೆ ಒಳಗೆ ಸೇರಿದವು. ನನಗೆ ಅವತ್ತೇ ಗೊತ್ತಿತ್ತು. ಗಿರಾಕಿಯ ಮುಂದೆ ಮುಖ ಉಳಿಸಿಕೊಳ್ಳಲು ನಿನ್ನ ಮುಖಕ್ಕೆ ಮಸಿ ಬಳಿದೆ.

ನಿಮ್ಮ ಹಿರಿಯ ವೈದ್ಯೆಗೆ ಬೇರೆ ಪತ್ರ ಬರೆದಿದ್ದೇನೆ. ಮಾದರಿ ನೋಡಿ ಒಪ್ಪಿದ್ದು ನೀನು, ಅದು ಸರಿಯಾಗಿತ್ತು, ಕೆಡಿಸಿದ್ದೂ ಮುಚ್ಚಿಟ್ಟಿದ್ದೂ ನಾನು ಎಂದು. ಅದರ ಪ್ರತಿ ಜೊತೆಗಿದೆ.

ನನಗೂ ಕೆಲಸ ಕೊಡು. ಫೋನಿನಲ್ಲಿ ನನ್ನಿಂದ ಪ್ರಯೋಜನವಿಲ್ಲ. ಆದರೆ ಮನೆ ಬಾಗಿಲಿಗೆ ಹೋಗಿ ನಿಲ್ಲಬಲ್ಲೆ. ಪಟ್ಟಿ ಕೆಂಪೋ ಬೂದೋ ನೋಡಲು ಕಿವಿ ಬೇಕಾಗಿಲ್ಲ.

ಅಪ್ಪ


ಏಪ್ರಿಲ್ 17

ಅಪ್ಪ,

ಫೋನಿಗೆ ಸಿಗದವರಲ್ಲಿ ಏಳು ಮಂದಿ ನಿನ್ನ ಕಡೆಯ ಊರುಗಳವರು. ವಿಳಾಸ ಹಿಂದಿನ ಪುಟದಲ್ಲಿದೆ. ಏಳು ಬಣ್ಣದ ಹಾಳೆ ಇಟ್ಟಿದ್ದೇನೆ. ಬೂದು ಪುಸ್ತಿಕೆ ಸಿಕ್ಕಿದರೆ ಅಲ್ಲೇ ಪಿನ್ ಬಿಡಿಸಿ ಹಾಳೆ ಬದಲಿಸು. ಮಗುವಿನ ಬಟ್ಟೆ ತೋರಿಸಲು ಹೇಳು. ಹೆದರಿಸಬೇಡ, ಭಾಷಣ ಮಾಡಬೇಡ, ಕ್ಷಮೆ ಕೇಳುತ್ತ ಕೂರಬೇಡ. ಇಲ್ಲಿ ಇನ್ನೂ ನಾಲ್ಕು ಸಿಕ್ಕಿಲ್ಲ.

ವೈದ್ಯೆ ನಿನ್ನ ಪತ್ರ ಓದಿದರು. ನನ್ನನ್ನು ಕರೆದು, "ನೀನು ಹತ್ತೇ ಪ್ರತಿ ಬಿಚ್ಚಿ ನೋಡಿದ್ದು ಯಾಕೆ?" ಎಂದರು. ಬೇರೆ ಯಾವ ಪ್ರೆಸ್ಸಿನಿಂದ ಬಂದಿದ್ದರೂ ನಾನೂರನ್ನೂ ನೋಡುತ್ತಿದ್ದೆ. ಮನೆಯದು ಎಂದು ಬಿಟ್ಟೆ. ಅದನ್ನೇ ಹೇಳಿದೆ.

ಊಟ ಮಾಡಿಕೊಂಡು ತಿರುಗು.

ಮಗಳು


ಏಪ್ರಿಲ್ 22

ಚುಕ್ಕಿ,

ಈ ಪತ್ರವನ್ನು ನಿನ್ನ ಕೈಗೆ ಕೊಡುತ್ತಿರುವವಳು ನೀನು ಕೊಟ್ಟ ಏಳನೇ ವಿಳಾಸದ ತಾಯಿ. ಮೊದಲು ಮಗುವನ್ನು ನೋಡು. ಪತ್ರ ಆಮೇಲೆ ಓದು.

ಆರು ಮನೆ ಮುಗಿಸಿದ್ದೆ. ನಾಲ್ಕರಲ್ಲಿ ಕೆಂಪು, ಎರಡರಲ್ಲಿ ಬೂದು. ಮಕ್ಕಳು ಚೆನ್ನಾಗಿವೆ, ಹಾಳೆ ಬದಲಿಸಿದೆ. ಏಳನೆಯ ವಿಳಾಸಕ್ಕೆ ಮೂರು ದಿನದಲ್ಲಿ ಎರಡು ಸಲ ಹೋದೆ, ಬೀಗ ಹಾಕಿತ್ತು. ಇವತ್ತು ಪಕ್ಕದ ಮನೆಯಾಕೆ ಕೈಸನ್ನೆ ಮಾಡಿ, ಕೊನೆಗೆ ನನ್ನ ಚೀಟಿಯಲ್ಲೇ ಬರೆದು ತೋರಿಸಿದರು: "ಸೇತುವೆ ಹತ್ರ ಅಕ್ಕನ ಮನೆಲಿದಾಳೆ." ಅಲ್ಲಿಗೆ ಓಡಿದೆ.

ಮಗು ತೊಟ್ಟಿಲಲ್ಲಿ ಎಚ್ಚರವಾಗಿತ್ತು. ಕಣ್ಣಿನ ಬಿಳಿಭಾಗ ಹಳದಿ. ಪುಸ್ತಿಕೆ ಕೇಳಿದೆ. ಇಪ್ಪತ್ತೇಳನೇ ಪುಟದಲ್ಲಿ ಬೂದು ಪಟ್ಟಿ, ಅದರ ಕೆಳಗೆ ಮಗುವಿನ ತೂಕ ದುಂಡಗೆ ಬರೆದಿದ್ದಾಳೆ. ನಾನು ಬಟ್ಟೆ ತೋರಿಸಮ್ಮ ಅಂದೆ. ಅವಳು ಆರನೇ ಪುಟ ತೆಗೆದು, ನಾಲ್ಕನೆಯ ಚೌಕದ ಮೇಲೆ ಬೆರಳಿಟ್ಟು ನನ್ನ ಚೀಟಿಯಲ್ಲಿ ಬರೆದಳು: "ದಿನಾ ನೋಡ್ತೀನಿ. ಇದರಂಗೇ ಇದೆ. ಸರಿ ಇದೆ ಅಲ್ವಾ?" ಆ ಚೀಟಿ ನನ್ನ ಹತ್ತಿರವಿದೆ. ಪ್ರತಿ ದಿನ ನೋಡಿದ್ದಾಳೆ ಚುಕ್ಕಿ. ನಾನು ಹೊಡೆದ ಪುಟವನ್ನು ನಂಬಿ ಪ್ರತಿ ದಿನ ನೋಡಿ ಸುಮ್ಮನಾಗಿದ್ದಾಳೆ.

ಬಣ್ಣದ ಹಾಳೆಯನ್ನು ಬಟ್ಟೆಯ ಪಕ್ಕ ಇಟ್ಟೆ. ಮೊದಲನೆಯ ಚೌಕ. ಹೆದರಿಸಬೇಡ ಎಂದು ನೀನು ಬರೆದಿದ್ದೆ, ಆದರೆ ನನ್ನ ಮುಖ ನೋಡಿಯೇ ಅವಳಿಗೆ ಎಲ್ಲ ತಿಳಿಯಿತು. ಮಾರ್ಚ್ ಎರಡರಂದು ಹುಟ್ಟಿದ ಮಗು, ಇವತ್ತಿಗೆ ಐವತ್ತೊಂದು ದಿನ. ಬಸ್ ನಿಲ್ದಾಣದಲ್ಲಿ ನಿಂತು ಇದನ್ನು ಬರೆಯುತ್ತಿದ್ದೇನೆ. ಅವಳ ಅಕ್ಕ ಜೊತೆಗೆ ಬರುತ್ತಿದ್ದಾಳೆ. ನಾನು ಹತ್ತುತ್ತಿಲ್ಲ. ನಿಮ್ಮ ಆಸ್ಪತ್ರೆಯಲ್ಲೇ ಹೆತ್ತ ಇನ್ನೊಬ್ಬಾಕೆ ಈ ಊರಿಗೆ ಬಂದಿದ್ದಾಳೆಂದು ಅಕ್ಕ ಚೀಟಿಯಲ್ಲಿ ಬರೆದಳು, ನಿಮಗೆ ಸಿಗದ ನಾಲ್ವರಲ್ಲಿ ಒಬ್ಬಳೋ ಏನೋ, ಹುಡುಕಬೇಕು.

ಬಸ್ಸು ಹೊರಡುತ್ತಿದೆ, ಪತ್ರ ಅವಳ ಕೈಗೆ ಕೊಡುತ್ತೇನೆ.

ಅಪ್ಪ


ಮೇ 3

ಅಪ್ಪ,

ಅವತ್ತು ಮಧ್ಯಾಹ್ನ ಅವಳು ಬಂದಳು. ನೀನು ಹೇಳಿದ ಹಾಗೆ ಮೊದಲು ಮಗುವನ್ನು ನೋಡಿದೆ. ಅದೇ ದಿನ ದೊಡ್ಡ ಆಸ್ಪತ್ರೆಗೆ ಕಳಿಸಿದೆವು. ಐವತ್ತಾರನೇ ದಿನ ಶಸ್ತ್ರಚಿಕಿತ್ಸೆಯಾಯಿತು. ಮಗು ಉಸಿರಾಡುತ್ತಿದೆ, ಹಾಲು ಕುಡಿಯುತ್ತಿದೆ. ಪಿತ್ತ ಹರಿಯಲು ಶುರುವಾಯಿತೇ ಎಂದು ಯಾವ ಯಂತ್ರವೂ ಈಗಲೇ ಹೇಳುವುದಿಲ್ಲ. ಬಣ್ಣ ಬರಬೇಕು, ಬರದೆಯೂ ಇರಬಹುದು ಎಂದರು. ನಾನು ದಿನ ಬಿಟ್ಟು ದಿನ ಹೋಗಿ ನೋಡುತ್ತಿದ್ದೇನೆ.

ಹೊರಗೆ ಹೋಗಿದ್ದ ಬೂದು ಪುಸ್ತಿಕೆ ಇಪ್ಪತ್ತೊಂಬತ್ತೂ ಸಿಕ್ಕಿವೆ. ಉಳಿದ ಮಕ್ಕಳೆಲ್ಲ ಕ್ಷೇಮ.

ಆ ತಾಯಿಗೆ ಎಲ್ಲ ಹೇಳಿದೆ. ನಮ್ಮ ತಂದೆಯ ಪ್ರೆಸ್ಸು, ನಮ್ಮ ತಪ್ಪು ಎಂದೆ. "ಆ ಕಿವಿ ಕೇಳದ ಯಜಮಾನ್ರಾ? ಅವರು ಬರ್ದೇ ಇದ್ದಿದ್ರೆ?" ಅಂದಳು. ಆಮೇಲೆ, "ಮೊದ್ಲೇ ಬರ್ಬೋದಿತ್ತಲ್ಲಾ" ಎಂದು ಅತ್ತಳು. ಎರಡನ್ನೂ ನಿನಗೆ ಬರೆಯುತ್ತಿದ್ದೇನೆ. ಒಂದನ್ನೇ ಬರೆಯುವುದು ಸರಿಯಲ್ಲ.

ಮಗಳು


ಮೇ 9

ಚುಕ್ಕಿ,

ಎರಡನ್ನೂ ಓದಿದೆ. ಎರಡೂ ನನಗೆ ಸಲ್ಲಬೇಕಾದ್ದೇ.

ಚಿಕ್ಕಮ್ಮನಿಗೆ ಅವಳ ಮೇಲೆ ಹೊರಿಸಿದ್ದನ್ನು ಹೇಳಿದೆ. ಪಿನ್ನಿನ ಮೆಷಿನ್ ನಿಲ್ಲಿಸಿ, ನನಗೆ ಕೇಳಿಸಲಿ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು: "ಅವಳಾಯ್ತು, ಈಗ ನಾನಾ ಭಾವ? ಇನ್ಯಾರು ಉಳಿದಿದಾರೆ ನಿಮ್ಗೆ?" ಎರಡು ದಿನ ಕೆಲಸಕ್ಕೆ ಬರಲಿಲ್ಲ. ಮೂರನೇ ದಿನ ಬಂದು ಏನೂ ಆಗದವಳಂತೆ ಕೂತಳು. ಮಾತು ಮಾತ್ರ ಇನ್ನೂ ಇಲ್ಲ, ಬೇಕಾದ್ದನ್ನು ಚೀಟಿಯಲ್ಲಿ ಬರೆದು ತೋರಿಸುತ್ತಾಳೆ. ಕೇಳಿಸುವ ಕಾಲದಲ್ಲೂ ನಾನು ಅವಳ ಮಾತು ಕೇಳುತ್ತಿರಲಿಲ್ಲವಂತೆ, ಅದನ್ನೂ ಬರೆದಳು.

ಹೊಸ ಕೆಲಸ ಯಾವುದನ್ನೂ ಒಪ್ಪಿಕೊಂಡಿಲ್ಲ. ಬೆಳಿಗ್ಗೆ ಅಂಗಡಿ ತೆಗೆದು ಅಂಚೆಯವನ ದಾರಿ ನೋಡುತ್ತ ಕೂರುತ್ತೇನೆ. ಬಣ್ಣ ಬಂತೋ ಇಲ್ಲವೋ ಅಷ್ಟು ಬರೆ. ಬರದಿದ್ದರೂ ಬರೆ.

ಅಪ್ಪ


ಮೇ 19

ಅಪ್ಪ,

ಇದರೊಳಗೆ ಒಂದು ಹಾಳೆ ಇದೆ, ಹುಷಾರಾಗಿ ಬಿಡಿಸು. ನೀನು ಅವತ್ತು ಸೇತುವೆ ಹತ್ತಿರದ ಮನೆಯಲ್ಲಿ ಆ ತಾಯಿಗೆ ಕೊಟ್ಟ ಬಣ್ಣದ ಹಾಳೆ. ಆಸ್ಪತ್ರೆಯಲ್ಲಿ ಅವಳು ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು. ಪ್ರತಿ ದಿನ ಬಟ್ಟೆಯ ಪಕ್ಕ ಇಟ್ಟು ನೋಡಿ, ಸರಿಹೊಂದುವ ಚೌಕದ ಕೆಳಗೆ ಪೆನ್ನಿನಲ್ಲಿ ತಾರೀಖು ಬರೆದಿದ್ದಾಳೆ. ಮೊದಲನೆಯ ಚೌಕದ ಕೆಳಗೆ ಏಪ್ರಿಲ್ 22ರಿಂದ ಮೇ 4ರವರೆಗೆ ಸಾಲು ಸಾಲಾಗಿ ಇದೆ. ಎರಡನೆಯದಕ್ಕೆ ನಾಲ್ಕು ದಿನ. ಮೂರನೆಯದಕ್ಕೆ ಮೂರು. ಮೇ 12ರಂದು ಎಲ್ಲೂ ಬರೆದಿಲ್ಲ. ಅವತ್ತು ನಾನಲ್ಲಿದ್ದೆ, ಮೂರೋ ನಾಲ್ಕೋ ಎಂದು ಇಬ್ಬರೂ ಕಿಟಕಿಯ ಹತ್ತಿರ ನಿಂತು ತೀರ್ಮಾನಕ್ಕೆ ಬಾರದೆ ಸೋತೆವು. ಮೇ 13ರಿಂದ ಇವತ್ತಿನವರೆಗೆ ನಾಲ್ಕನೆಯ ಚೌಕ.

ಮುಂದೆ ಏನು ಎಂದು ಯಾರೂ ಮಾತು ಕೊಟ್ಟಿಲ್ಲ. ವರ್ಷಗಟ್ಟಲೆ ನೋಡುತ್ತಿರಬೇಕು. ಆದರೆ ಇವತ್ತು ಮಗು ಮನೆಗೆ ಹೋಯಿತು. "ಇದು ಅವರ್ಗೆ ಕಳ್ಸಿ, ನಂಗೆ ಹೊಸದು ಕೊಡಿ" ಎಂದು ಅವಳೇ ಈ ಹಾಳೆ ಕೊಟ್ಟಳು. ನಾನು ಬಸ್ಸಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಪಕ್ಕದಲ್ಲಿದ್ದವರು ಏನಾಯಿತಮ್ಮ ಎಂದು ಕೇಳಿದರೆ ಏನು ಹೇಳಲಿ, ಮಗುವಿನ ಕಕ್ಕ ಹಳದಿಯಾಯಿತು ಎನ್ನಲೇ?

ಪುಸ್ತಿಕೆ ಮತ್ತೆ ಆರುನೂರು ಪ್ರತಿ ಬೇಕು. ಈ ಸಲ ಬೇರೆಡೆ ಪೂರ್ತಿ ಬಣ್ಣದಲ್ಲೇ ಮಾಡಿಸೋಣ ಎಂದರು ವೈದ್ಯೆ. ನಾನು ಬೇಡ ಅಂದೆ. ಯಾಕೆಂದು ಕೇಳಿದರು. ತಪ್ಪು ಎಲ್ಲಿ ಆಗುತ್ತದೆಂದು ಆ ಪ್ರೆಸ್ಸಿನವರಿಗೆ ಈಗ ಚೆನ್ನಾಗಿ ಗೊತ್ತು ಎಂದೆ. ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ: ಪಿನ್ ಹೊಡೆಯುವ ಮೊದಲು ಆಸ್ಪತ್ರೆಯವರೊಬ್ಬರು ಬಂದು ಆರುನೂರನ್ನೂ ನೋಡಬೇಕು.

ಎರಡು ವಾರ ಬಿಟ್ಟು ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಸಿಟ್ಟು ಹೋಗಿಲ್ಲ, ಅದನ್ನೂ ಜೊತೆಗೇ ತರುತ್ತೇನೆ. ಅಲ್ಲಿಯವರೆಗೆ ಒಂದಕ್ಕೂ ಪಿನ್ ಹೊಡೆಯಬೇಡ.

ಚುಕ್ಕಿ


ಜೂನ್ 1

ಚುಕ್ಕಿ,

ಕಪ್ಪಿನ ಹಾಳೆಗಳೆಲ್ಲ ಆದವು. ಆರುನೂರು ಬದಲಿ ಹಾಳೆ ನಿನ್ನ ಮೇಜಿನ ಮೇಲಿವೆ, ಯಾರೂ ಮುಟ್ಟಿಲ್ಲ. ಚಿಕ್ಕಮ್ಮ ಸ್ಟೂಲು ಒರೆಸಿ ಇಟ್ಟು, ಈಗ ಅವಳಿಗೆ ಇದರ ಮೇಲೆ ನಿಲ್ಲುವುದು ಬೇಕಾಗುವುದಿಲ್ಲ ಎಂದು ಚೀಟಿಯಲ್ಲಿ ಬರೆದಳು. ಆಮೇಲೆ ಚೀಟಿ ಬಿಟ್ಟು ಬಾಯಿಬಿಟ್ಟೇ ಏನೋ ಹೇಳಿ ನಕ್ಕಳು. ನನಗೆ ಕೇಳಿಸಲಿಲ್ಲ.

ಕೆಂಪು ಪೆನ್ಸಿಲ್ ಎರಡು ಕೊಂಡು ತಂದು ಚೂಪು ಮಾಡಿದ್ದೇನೆ. ಒಂದು ನಿನಗೆ, ಒಂದು ನನಗೆ.

ಶನಿವಾರ ಬಸ್ ನಿಲ್ದಾಣದಲ್ಲಿರುತ್ತೇನೆ. ನೀನು ಕೂಗಿದರೆ ನನಗೆ ಕೇಳಿಸುವುದಿಲ್ಲ. ಕಿಟಕಿಯಿಂದ ಕೈ ಬೀಸು.

ಅಪ್ಪ